ಹಳೆಯ ಮಸಲ್ ಕಾರೇ ನಿಮ್ಮ ಮೊದಲ ಕಾರಾದಾಗ: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ದೊಡ್ಡ ವಿ8 ಎಂಜಿನ್, ಎರಡೇ ಬಾಗಿಲು, ಉದ್ದನೆಯ ಬಾನೆಟ್. ಫೋಟೋ ನೋಡಿದಾಗಲೇ ಅರ್ಧ ಮನಸ್ಸು ಹೋಗಿರುತ್ತದೆ. 1964ರ ಪಾಂಟಿಯಾಕ್ ಜಿಟಿಒ ಜೊತೆ ಶುರುವಾಗಿ 1970ರ ದಶಕದ ಮೊದಲ ವರ್ಷಗಳಲ್ಲಿ ಮುಗಿದ ಕಾಲದ ಅಮೆರಿಕನ್ ಕಾರುಗಳಿವು. ಅಂದರೆ ನೀವು ನೋಡಲು ಹೊರಟಿರುವ ಕಾರಿಗೆ ಏನಿಲ್ಲವೆಂದರೂ 50 ವರ್ಷ ದಾಟಿದೆ. ಅಷ್ಟರಲ್ಲಿ ಎಷ್ಟೋ ಜನ ಅದಕ್ಕೆ ಕೈ ಹಾಕಿರುತ್ತಾರೆ. ಕೆಲವರು ಚೆನ್ನಾಗಿ ರಿಪೇರಿ ಮಾಡಿರುತ್ತಾರೆ, ಕೆಲವರು ಟೇಪ್ ಸುತ್ತಿ ಬಿಟ್ಟಿರುತ್ತಾರೆ.

ಮೊದಲ ಕಾರಾಗಿ ಇಂಥದ್ದನ್ನು ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ನಾನೂ ಹಾಗೇ ಶುರು ಮಾಡಿದವನು. ಆದರೆ ಒಂದು ಮಾತು. ಎಲ್ಲರೂ ಮೊದಲು ಎಂಜಿನ್‌ಗೆ ಕೈ ಹಾಕುತ್ತಾರೆ. ನೀವು ಹಾಗೆ ಮಾಡಬೇಡಿ. ಮೊದಲು ಬಾಡಿ ಗಟ್ಟಿ ಇದೆಯಾ ನೋಡಿ, ಆಮೇಲೆ ಬ್ರೇಕ್, ಆಮೇಲೆ ಎಂಜಿನ್. ಓಡದ ಕಾರು ಮನೆ ಮುಂದೆ ಸುಮ್ನೆ ನಿಂತಿರುತ್ತದೆ. ಓಡಿ ನಿಲ್ಲದ ಕಾರು ಜೀವ ತೆಗೆಯುತ್ತದೆ. ಈ ಬರಹವನ್ನೂ ಅದೇ ಕ್ರಮದಲ್ಲಿ ಇಟ್ಟಿದ್ದೇನೆ.

ಕೈ ಹಾಕುವ ಮುಂಚೆ

ಮಲ್ಟಿಮೀಟರ್, ಟಾರ್ಚ್, ಸಣ್ಣ ಮ್ಯಾಗ್ನೆಟ್, ಸ್ಪಾನರ್ ಸೆಟ್ ಇದ್ದರೆ ಅರ್ಧ ಕೆಲಸ ಆಗುತ್ತದೆ. ಟೈಮಿಂಗ್ ಲೈಟ್, ಕಂಪ್ರೆಷನ್ ಗೇಜ್, ವ್ಯಾಕ್ಯೂಮ್ ಗೇಜ್ ಯಾರ ಹತ್ತಿರವಾದರೂ ಕೇಳಿ ತಂದರೂ ನಡೆಯುತ್ತದೆ. ಆ ಮಾಡೆಲ್‌ನ, ಆ ವರ್ಷದ ವರ್ಕ್‌ಶಾಪ್ ಮ್ಯಾನ್ಯುಯಲ್ ಮಾತ್ರ ನಿಮ್ಮದೇ ಒಂದು ಇರಲಿ.

ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಎಂದೂ ಹೋಗಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಕೂಡ ಬೇಡ, ಅವು ಹೇಳದೇ ಕೇಳದೇ ಸಿಡಿಯುತ್ತವೆ. ಸಮತಟ್ಟಾದ ಗಟ್ಟಿ ನೆಲದಲ್ಲಿ ಜಾಕ್ ಸ್ಟ್ಯಾಂಡ್ ಕೊಟ್ಟು, ಕಾರನ್ನು ಒಮ್ಮೆ ಅಲ್ಲಾಡಿಸಿ ನೋಡಿ, ಆಮೇಲೆ ಕೆಳಗೆ ಹೋಗಿ. ಬಾಗಿಲು ಹಾಕಿದ ಗ್ಯಾರೇಜಿನಲ್ಲಿ ಎಂಜಿನ್ ಓಡಿಸಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಆ ಕಾಲದ ಬ್ರೇಕ್ ಶೂ ಮತ್ತು ಕ್ಲಚ್ ಪ್ಲೇಟಿನಲ್ಲಿ ಕಲ್ನಾರು ಇರುತ್ತಿತ್ತು, ಹಾಗಾಗಿ ಡ್ರಮ್‌ನೊಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಬ್ರೇಕ್ ಕ್ಲೀನರ್ ಹಾಕಿ ಒದ್ದೆ ಮಾಡಿ ಒರೆಸಿ. ಪೆಟ್ರೋಲ್ ಬೆಂಕಿಗೆ ಆಗುವ ಪೌಡರ್ ಎಕ್ಸ್‌ಟಿಂಗ್ವಿಶರ್ ಕೈಗೆ ಸಿಗುವ ಹಾಗಿರಲಿ, ಎಂಜಿನ್ ಪಕ್ಕದಲ್ಲಿ ಬೇಡ.

ಪೇಂಟ್ ಉಬ್ಬಿದೆ, ಕಾಲಡಿಯ ಕಾರ್ಪೆಟ್ ಒದ್ದೆಯಾಗಿದೆ

ಪೇಂಟಿನ ಮೇಲೆ ಸಣ್ಣ ಗುಳ್ಳೆ ಕಂಡರೆ ತುಕ್ಕು ಒಳಗಿನಿಂದ ಹೊರಗೆ ಬಂದಿದೆ ಅಂತ ಅರ್ಥ. ಹೊರಗೆ ಬೆರಳಿನ ಉಗುರಿನಷ್ಟು ಕಂಡರೆ ಒಳಗೆ ಅಂಗೈ ಅಗಲ ಇರುತ್ತದೆ.

ಮ್ಯಾಗ್ನೆಟ್‌ಗೆ ತೆಳು ಬಟ್ಟೆ ಸುತ್ತಿ ಹಿಂದಿನ ಚಕ್ರದ ಕಮಾನು, ಬಾಗಿಲಿನ ಕೆಳ ಅಂಚು, ಮುಂದಿನ ಫೆಂಡರಿನ ಕೆಳಭಾಗ, ಹಿಂಬದಿ ಗಾಜಿನ ಸುತ್ತ ಇಟ್ಟುಕೊಂಡು ಹೋಗಿ. ಹಿಡಿಯದ ಕಡೆ ಪುಟ್ಟಿ ತುಂಬಿದ್ದಾರೆ. ಮೇಲ್ಛಾವಣಿಗೆ ವಿನೈಲ್ ಹೊದಿಸಿದ್ದರೆ ಅದರ ಅಂಚನ್ನು ಬೆರಳಿನಿಂದ ಒತ್ತಿ. ಗರಗರ ಅಂದರೆ ಅಡಿಯಲ್ಲಿ ತುಕ್ಕು ಚೂರಾಗಿ ಬಿದ್ದಿದೆ.

ಆಮೇಲೆ ಕಾರ್ಪೆಟ್ ಎತ್ತಿ. ಮೊದಲ ತಲೆಮಾರಿನ ಫೋರ್ಡ್ ಮಸ್ಟಾಂಗ್ ಆದರೆ ಇಲ್ಲೊಂದು ಪರೀಕ್ಷೆ ಇದೆ, ಖರ್ಚು ಒಂದು ಜಗ್ ನೀರು. ಮುಂದಿನ ಗಾಜಿನ ಕೆಳಗೆ ಗಾಳಿ ಒಳಹೋಗುವ ಜಾಲರಿ ಇದೆಯಲ್ಲ, ಅದರೊಳಗೆ ನಿಧಾನವಾಗಿ ನೀರು ಸುರಿಯಿರಿ. ಒಬ್ಬರು ಒಳಗೆ ಡ್ಯಾಶ್‌ಬೋರ್ಡ್ ಅಡಿ ಟಾರ್ಚ್ ಹಿಡಿದು ನೋಡಲಿ. ಹನಿ ಬಿದ್ದರೆ ಕೌಲ್ (ಆ ಜಾಲರಿಯ ಕೆಳಗಿನ ತಗಡಿನ ಪೆಟ್ಟಿಗೆ) ಒಳಗೆ ತೂತಾಗಿದೆ. ಸರಿ ಮಾಡಲು ಎಷ್ಟೋ ಸ್ಪಾಟ್ ವೆಲ್ಡ್ ಬಿಡಿಸಬೇಕು, ಅದು ದೊಡ್ಡ ಕೆಲಸ. ಅದೇ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಡಿಕ್ಕಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ.

ಬಾಗಿಲು ಸರಿಯಾಗಿ ಕೂರುತ್ತಿಲ್ಲವೇ? ತೆರೆದು, ತುದಿ ಹಿಡಿದು ಮೇಲಕ್ಕೆ ಎತ್ತಿ. ಲೊಡಲೊಡ ಆಡಿದರೆ ಹಿಂಜ್ ಪಿನ್ ಮತ್ತು ಬುಷ್ ಸವೆದಿವೆ, ಕಡಿಮೆ ಖರ್ಚಿನ ಕೆಲಸ. ಹಿಂಜ್ ಬಿಗಿಯಾಗಿದ್ದೂ ಬಾಗಿಲು ಕೂರದಿದ್ದರೆ ಬಾಡಿ ಇಳಿದಿರಬಹುದು. ಬಾಗಿಲು ಮುಚ್ಚಿ, ಮುಂದಿನ ಚಕ್ರದ ಹಿಂದಿರುವ ಫ್ರೇಮ್ ಭಾಗಕ್ಕೆ ಜಾಕ್ ಕೊಟ್ಟು ಸ್ವಲ್ಪವೇ ಎತ್ತಿ. ಬಾಗಿಲಿನ ಸಂದು ಕಣ್ಣೆದುರೇ ಹಿಗ್ಗಿ ಕುಗ್ಗಿದರೆ ಒಳಗಿನ ಬಲ ಹೋಗಿದೆ. ಜಾಕ್ ಇಟ್ಟ ಜಾಗವೇ ಒಳಕ್ಕೆ ಕುಸಿದರೆ ಕಾರು ಇಳಿಸಿ ಅಲ್ಲಿಗೇ ನಿಲ್ಲಿಸಿ.

ನಿಲ್ಲಿಸಬೇಕಾದ ಗೆರೆ ಇದು: ಸಸ್ಪೆನ್ಷನ್ ಕೂರುವ ಜಾಗ, ಫ್ರೇಮ್ ರೈಲ್ (ಕಾರಿನ ಅಡಿಯ ಉದ್ದನೆಯ ತೊಲೆ), ಟಾರ್ಕ್ ಬಾಕ್ಸ್ (ಆ ತೊಲೆಯನ್ನು ಬಾಡಿಯ ಅಂಚಿಗೆ ಜೋಡಿಸುವ ಪೆಟ್ಟಿಗೆ), ಹಿಂದಿನ ಸ್ಪ್ರಿಂಗ್ ಹಿಡಿದಿರುವ ಜಾಗ, ಸೀಟ್ ಬೆಲ್ಟ್ ಬೋಲ್ಟ್ ಕಚ್ಚಿರುವ ಜಾಗ. ಇಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಒಳಹೋಗುವಂತಿದ್ದರೆ ಆ ಕಾರನ್ನು ಬಿಟ್ಟು ಬನ್ನಿ. ಎಂಜಿನ್ ಎಷ್ಟೇ ಚಂದ ಗುಡುಗಲಿ. ಎಂಜಿನ್ ಇನ್ನೊಂದು ಸಿಗುತ್ತದೆ. ಬಾಡಿ ವೆಲ್ಡಿಂಗ್ ಕಲಿಯುತ್ತಾ ಮಾಡುವ ಕೆಲಸವಲ್ಲ.

ಇಲ್ಲೇ ಇನ್ನೊಂದು ಮಾತು. ಎಷ್ಟೋ ಕಾರುಗಳು ಸಾಧಾರಣ ಮಾಡೆಲ್ ಆಗಿ ಹುಟ್ಟಿ, ಆಮೇಲೆ ಬ್ಯಾಡ್ಜ್ ಅಂಟಿಸಿಕೊಂಡು ದೊಡ್ಡ ಹೆಸರು ಪಡೆದಿರುತ್ತವೆ. ಓಡಿಸಲು ಅದರಿಂದ ತೊಂದರೆ ಏನೂ ಇಲ್ಲ. ಆದರೆ ಅಸಲಿ ಅಂತ ದುಡ್ಡು ಕೇಳಿದರೆ ವಿಐಎನ್ (ಕಾರಿನ ಗುರುತಿನ ಸಂಖ್ಯೆ) ಓದಿ. ಆ ಕಾಲದ ಮಸ್ಟಾಂಗ್‌ನಲ್ಲಿ ಅದರ ಐದನೇ ಅಕ್ಷರ ಯಾವ ಎಂಜಿನ್ ಜೊತೆ ಕಾರು ಹುಟ್ಟಿತು ಅಂತ ಹೇಳುತ್ತದೆ.

ಬ್ರೇಕ್ ಪೆಡಲ್ ಕೆಳಗೆ ಇಳಿಯುತ್ತದೆ, ಅಥವಾ ಕಾರು ಒಂದು ಕಡೆ ಎಳೆಯುತ್ತದೆ

ಟೆಸ್ಟ್ ಡ್ರೈವ್‌ಗೆ ಮುಂಚೆ, ಕಾರು ನಿಂತಿರುವಾಗಲೇ ಪೆಡಲ್ ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ. ಅದು ಮಾಡುವುದನ್ನು ಕಾಲಿನಿಂದ ಕೇಳಿಸಿಕೊಳ್ಳಿ.

ನಿಧಾನವಾಗಿ ನೆಲಕ್ಕೆ ಇಳಿದರೆ, ಹೊರಗೆ ಎಲ್ಲೂ ಆಯಿಲ್ ಸೋರದಿದ್ದರೆ, ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಹೋಗಿದೆ. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ ಇದೆ, ಅಥವಾ ರಬ್ಬರ್ ಹೋಸ್ ಉಬ್ಬುತ್ತಿದೆ. ಮೊದಲ ಸಲ ಕೆಳಗೆ ಹೋಗಿ, ಎರಡು ಮೂರು ಸಲ ಪಂಪ್ ಮಾಡಿದರೆ ಮೇಲೆ ಬಂದರೆ ಡ್ರಮ್ ಬ್ರೇಕಿನ ಶೂ ಅಡ್ಜಸ್ಟ್ ಆಗಿಲ್ಲ. ಇದಕ್ಕೆ ಖರ್ಚೇ ಇಲ್ಲ, ಮೊದಲು ಇದನ್ನೇ ಮಾಡಿ.

ಬ್ರೇಕ್ ಹಿಡಿದಾಗ ಒಂದೇ ಕಡೆ ಎಳೆದರೆ ಮೊದಲು ಟೈರಿನ ಗಾಳಿ ನೋಡಿ. ಅದು ಸರಿ ಇದ್ದರೆ ಆ ಚಕ್ರ ಜಾಸ್ತಿ ಹಿಡಿಯುತ್ತಿದೆ, ಇಲ್ಲವೇ ಎದುರಿನದು ಹಿಡಿಯುತ್ತಲೇ ಇಲ್ಲ. ಡ್ರಮ್ ಬಿಚ್ಚಿ. ಒಳಗೆ ಒದ್ದೆ ಇದ್ದರೆ ವೀಲ್ ಸಿಲಿಂಡರ್ ಸೋರಿ ಶೂ ನೆನೆದಿದೆ. ನೆನೆದ ಶೂ ಒರೆಸಿ ವಾಪಸ್ ಹಾಕಬೇಡಿ, ಎರಡೂ ಕಡೆಯದನ್ನು ಒಟ್ಟಿಗೆ ಬದಲಿಸಿ. ಬ್ರೇಕ್ ಬಿಟ್ಟ ಮೇಲೂ ಚಕ್ರ ಹಿಡಿದುಕೊಂಡೇ ಇದ್ದರೆ ಹಳೆಯ ಹೋಸ್ ಒಳಗೇ ಊದಿ ದಾರಿ ಮುಚ್ಚಿದೆ. ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಕಾಣುತ್ತದೆ, ಮೋಸ ಹೋಗಬೇಡಿ.

1967ಕ್ಕಿಂತ ಹಿಂದಿನ ಮಾಡೆಲ್ ಆದರೆ ಮಾಸ್ಟರ್ ಸಿಲಿಂಡರ್ ಮುಚ್ಚಳ ತೆಗೆದು ನೋಡಿ. ಒಂದೇ ಕೋಣೆ ಇದ್ದರೆ ನಾಲ್ಕೂ ಚಕ್ರಕ್ಕೆ ಒಂದೇ ಲೈನು. ಎಲ್ಲೋ ಒಂದು ಕಡೆ ಪೈಪ್ ಒಡೆದರೆ ಬ್ರೇಕ್ ಪೂರ್ತಿ ಹೋಯಿತು. ಇದು ದೋಷ ಅಲ್ಲ, ಕಾರು ಬಂದಿದ್ದೇ ಹಾಗೆ. ಆದರೂ ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಹಾಕಿಸುವುದು ನೀವು ಮಾಡಿಸುವ ಮೊದಲ ಕೆಲಸವಾಗಲಿ ಅಂತ ಮನಸಾರೆ ಕೇಳಿಕೊಳ್ಳುತ್ತೇನೆ. ನಾಲ್ಕೂ ಡ್ರಮ್ ಇರುವ ಕಾರಿನಲ್ಲಿ ಉದ್ದನೆಯ ಇಳಿಜಾರು ಇಳಿಯುವಾಗ ಬ್ರೇಕ್ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಗೇರ್ ಇಳಿಸಿ ಓಡಿಸಿ.

ಚಕ್ರ ಬಿಚ್ಚುವಾಗ ಒಂದು ಎಚ್ಚರಿಕೆ. 1970ರವರೆಗಿನ ಹಲವು ಡಾಜ್, ಪ್ಲಿಮತ್ ಕಾರುಗಳಲ್ಲಿ ಎಡಗಡೆ ಚಕ್ರದ ನಟ್‌ಗಳು ಉಲ್ಟಾ ಥ್ರೆಡ್. ಸ್ಟಡ್ ತುದಿಯಲ್ಲಿ 'ಎಲ್' ಅಕ್ಷರ ಇದೆಯಾ ನೋಡಿ. ಗೊತ್ತಿಲ್ಲದೆ ಜೋರು ಹಾಕಿ ಸ್ಟಡ್ ಮುರಿದವರು ಬಹಳ ಜನ.

ಪೆಡಲ್ ನೆಲಕ್ಕೆ ಹೋಗುವ ಕಾರನ್ನು ಗಲ್ಲಿಯಲ್ಲೂ ಓಡಿಸಬೇಡಿ. ಎತ್ತಿಸಿಕೊಂಡು ತನ್ನಿ. ಬ್ರೇಕ್ ಕೆಲಸ ಇದೇ ಮೊದಲ ಸಲ ಅಂದರೆ, ಮುಗಿದ ಮೇಲೆ ಅನುಭವ ಇರುವ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ, ಆಮೇಲೆ ರಸ್ತೆಗೆ ಇಳಿಸಿ.

ಕೀ ತಿರುಗಿಸಿದರೆ ಟಕ್ ಅಂತ ಒಂದು ಸದ್ದು, ಅಷ್ಟೇ

'ಎಂಜಿನ್ ಜಾಮ್ ಆಗಿದೆ' ಅಂತ ಹೇಳಿ ಮಾರುವ ಕಾರುಗಳಲ್ಲಿ ಹಲವಕ್ಕೆ ಇರುವುದು ಇದೇ ಕಾಯಿಲೆ.

ಬ್ಯಾಟರಿಯಿಂದ ಶುರು ಮಾಡಿ. ಪೂರ್ತಿ ಚಾರ್ಜ್ ಆಗಿದ್ದರೆ 12.6 ವೋಲ್ಟ್ ತೋರಿಸುತ್ತದೆ. 12.2 ಅಂದರೆ ಅರ್ಧ ಖಾಲಿ. ಈಗ ಮೀಟರ್ ಹಿಡಿದುಕೊಂಡೇ ಒಬ್ಬರಿಂದ ಕೀ ತಿರುಗಿಸಿ. 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ದುರ್ಬಲವಾಗಿದೆ, ಇಲ್ಲವೇ ಸೆಲ್ಫ್ ಮೋಟಾರ್ ವಿಪರೀತ ಕರೆಂಟ್ ಎಳೆಯುತ್ತಿದೆ. 12ರ ಹತ್ತಿರವೇ ನಿಂತರೆ ಕರೆಂಟ್ ಸೆಲ್ಫ್‌ವರೆಗೆ ಹೋಗುತ್ತಲೇ ಇಲ್ಲ.

ನನ್ನ ಮೊದಲ ಕಾರಿನಲ್ಲಿ ಆಗಿದ್ದು ಇದೇ. ಹೊಸ ಬ್ಯಾಟರಿ ಹಾಕಿದೆ, ಸೆಲ್ಫ್ ಮೋಟಾರ್ ಬಿಚ್ಚಿ ಸರ್ವಿಸ್ ಮಾಡಿಸಿದೆ. ಆದರೂ ಟಕ್. ಒಂದು ಗ್ಯಾರೇಜಿನವರು ಎಂಜಿನ್ ಇಳಿಸಬೇಕು ಅಂದರು. ಆ ಸಂಜೆ ಸುಮ್ನೆ ಕೂತು ಬ್ಯಾಟರಿಯ ಮೈನಸ್ ವೈರ್ ಹಿಡಿದುಕೊಂಡು ಅದು ಎಲ್ಲಿಗೆ ಹೋಗುತ್ತದೆ ಅಂತ ಬೆರಳಾಡಿಸಿದೆ. ಎಂಜಿನ್ ಬ್ಲಾಕಿನ ಬೋಲ್ಟ್ ಹತ್ತಿರ ಬಂತು. ಬೋಲ್ಟ್ ಬಿಗಿಯಾಗಿಯೇ ಇತ್ತು. ಬಿಚ್ಚಿ ನೋಡಿದರೆ ವೈರಿನ ಕಿವಿಯ ಅಡಿಯಲ್ಲಿ ದಪ್ಪ ಕಿತ್ತಳೆ ಪೇಂಟ್. ಯಾರೋ ಎಂಜಿನ್‌ಗೆ ಚಂದವಾಗಿ ಬಣ್ಣ ಹೊಡೆದು, ಅದರ ಮೇಲೇ ವೈರ್ ಕೂರಿಸಿದ್ದರು. ಉಪ್ಪಿನ ಕಾಗದದಿಂದ ಒಂದು ನಾಣ್ಯದಷ್ಟು ಜಾಗ ಉಜ್ಜಿ, ಲೋಹ ಹೊಳೆದ ಮೇಲೆ ವೈರ್ ಬಿಗಿದೆ. ಮೊದಲ ಸಲಕ್ಕೇ ಎಂಜಿನ್ ತಿರುಗಿತು.

ಹಾಗಾಗಿ ಅರ್ಥಿಂಗ್ ನೋಡದೆ ಏನನ್ನೂ ಬಿಚ್ಚಬೇಡಿ. ಮೀಟರಿನ ಒಂದು ಮುಳ್ಳು ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ. ಸೆಲ್ಫ್ ಹೊಡೆಯುವಾಗ ಅರ್ಧ ವೋಲ್ಟ್‌ಗಿಂತ ಜಾಸ್ತಿ ಬಂದರೆ ಅರ್ಥಿಂಗ್ ಕೆಟ್ಟಿದೆ. ಎಂಜಿನ್‌ನಿಂದ ಬಾಡಿಗೆ ಹೋಗುವ ಹೆಣೆದ ಪಟ್ಟಿಯನ್ನೂ ನೋಡಿ. ಅದು ಇಲ್ಲವೇ ಇಲ್ಲ ಅನ್ನುವ ಕಾರುಗಳೂ ಇವೆ.

ಟಕ್ ಸದ್ದೂ ಇಲ್ಲ ಅಂದರೆ, ಆಟೋಮ್ಯಾಟಿಕ್ ಕಾರಿನಲ್ಲಿ ಗೇರ್ ಲಿವರ್ ನ್ಯೂಟ್ರಲ್‌ಗೆ ತಂದು ಮತ್ತೆ ಕೀ ತಿರುಗಿಸಿ. ಸ್ಟಾರ್ಟ್ ಆದರೆ ನ್ಯೂಟ್ರಲ್ ಸೇಫ್ಟಿ ಸ್ವಿಚ್ ಜರುಗಿದೆ.

ತಣ್ಣಗಿದ್ದಾಗ ಸರಿ, ಬಿಸಿ ಇದ್ದಾಗ ಮಾತ್ರ ಸೆಲ್ಫ್ ಹೊಡೆಯಲ್ಲ ಅನ್ನುವುದು ಜನರಲ್ ಮೋಟಾರ್ಸ್ ಕಾರುಗಳ ಹಳೆಯ ಕಥೆ. ಸೊಲೆನಾಯ್ಡ್ (ಸೆಲ್ಫ್‌ಗೆ ಕರೆಂಟ್ ಬಿಡುವ ಸ್ವಿಚ್) ಸೆಲ್ಫ್ ಮೇಲೆಯೇ, ಎಕ್ಸಾಸ್ಟ್ ಪೈಪಿನ ಪಕ್ಕದಲ್ಲಿ ಕೂತಿರುತ್ತದೆ. ಕಾಯಿಸಿಕೊಂಡು ಕೈ ಕೊಡುತ್ತದೆ. ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಆದರೆ ಇದೇ. ಒಳ್ಳೆಯ ವೈರ್, ಬಿಸಿ ತಡೆಯುವ ತಗಡು ಹಾಕಿ ನೋಡಿ. ಫೋರ್ಡ್ ಕಾರುಗಳಲ್ಲಿ ಸೊಲೆನಾಯ್ಡ್ ಬ್ಯಾಟರಿ ಹತ್ತಿರ ಫೆಂಡರ್ ಒಳಗೋಡೆಯ ಮೇಲೆ ಬೇರೆಯೇ ಇದೆ, ಬದಲಿಸುವುದು ಸುಲಭ.

ಇಷ್ಟೆಲ್ಲ ಆದ ಮೇಲೂ ತಿರುಗದಿದ್ದರೆ ಬ್ಯಾಟರಿ ವೈರ್ ತೆಗೆದು, ಎಲ್ಲ ಸ್ಪಾರ್ಕ್ ಪ್ಲಗ್ ಬಿಚ್ಚಿ, ಕ್ರ್ಯಾಂಕ್ ಶಾಫ್ಟಿನ ಮುಂದಿನ ದೊಡ್ಡ ಬೋಲ್ಟ್‌ಗೆ ಉದ್ದನೆಯ ಹಿಡಿ ಹಾಕಿ ಕೈಯಲ್ಲಿ ತಿರುಗಿಸಿ. ತಿರುಗಿದರೆ ಎಂಜಿನ್ ಜಾಮ್ ಅಲ್ಲ. ಪ್ಲಗ್ ತೂತಿನಿಂದ ನೀರು ಅಥವಾ ಪೆಟ್ರೋಲ್ ಚಿಮ್ಮಿದರೆ ಸಿಲಿಂಡರ್ ತುಂಬಿ ನಿಂತಿತ್ತು. ಆಗ ಸೆಲ್ಫ್ ಹೊಡೆದಿದ್ದರೆ ಕನೆಕ್ಟಿಂಗ್ ರಾಡ್ ಬಾಗಿಹೋಗುತ್ತಿತ್ತು. ಕೈಯಲ್ಲೂ ಅಲ್ಲಾಡದಿದ್ದರೆ ಜೋರು ಮಾಡಬೇಡಿ. ಸಿಲಿಂಡರಿಗೆ ತೆಳು ಆಯಿಲ್ ಬಿಟ್ಟು ಕೆಲವು ದಿನ ಕಾಯಿರಿ. ಆಗಲೂ ಇಲ್ಲವೆಂದರೆ ಎಂಜಿನ್ ಕೆಲಸ ಗೊತ್ತಿರುವವರ ಕೈಗೆ ಕೊಡಿ.

ಸೆಲ್ಫ್ ತಿರುಗುತ್ತದೆ, ಎಂಜಿನ್ ಹತ್ತುವುದಿಲ್ಲ

ಕಿಡಿ, ಪೆಟ್ರೋಲ್, ಗಾಳಿ, ಸಮಯ. ಈ ನಾಲ್ಕರಲ್ಲಿ ಒಂದು ತಪ್ಪಿದೆ.

ಏರ್ ಫಿಲ್ಟರ್ ಮುಚ್ಚಳ ತೆಗೆಯಿರಿ. ಎಂಜಿನ್ ಆಫ್ ಇರುವಾಗ ಎಕ್ಸಲರೇಟರ್ ಕೇಬಲ್ ಎಳೆದು ಕಾರ್ಬ್ಯುರೇಟರ್ ಒಳಗೆ ಟಾರ್ಚ್ ಬಿಡಿ. ಪೆಟ್ರೋಲ್ ಎರಡು ಎಳೆಯಾಗಿ ಚಿಮ್ಮಬೇಕು. ಚಿಮ್ಮದಿದ್ದರೆ ಕಾರ್ಬ್ಯುರೇಟರಿಗೆ ಪೆಟ್ರೋಲ್ ಬಂದಿಲ್ಲ: ಟ್ಯಾಂಕ್, ಫಿಲ್ಟರ್, ಹೋಸ್, ಪಂಪ್ ಈ ಕ್ರಮದಲ್ಲಿ ನೋಡುತ್ತಾ ಬನ್ನಿ. ಇವತ್ತಿನ ಎಥನಾಲ್ ಬೆರೆತ ಪೆಟ್ರೋಲ್ ಆ ಕಾಲದ ರಬ್ಬರನ್ನು ತಿನ್ನುತ್ತದೆ. ಹಳೆಯ ಹೋಸ್ ಯಾವುದೇ ಇದ್ದರೂ ಬದಲಿಸಿಬಿಡಿ. ಕಾರ್ಬ್ಯುರೇಟರ್ ಬಾಯಿಗೆ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡುವ ಅಭ್ಯಾಸ ಬೇಡವೇ ಬೇಡ. ಬ್ಯಾಕ್‌ಫೈರ್ ಆದರೆ ಬೆಂಕಿ ನೇರ ಮುಖಕ್ಕೆ ಬರುತ್ತದೆ.

ಒಂದು ವಾರ ನಿಂತ ಮೇಲೆ ಮಾತ್ರ ಬಹಳ ಹೊತ್ತು ಸೆಲ್ಫ್ ಹೊಡೆಯಬೇಕು ಅಂದರೆ, ರೋಚೆಸ್ಟರ್ ಕ್ವಾಡ್ರಾಜೆಟ್ ಕಾರ್ಬ್ಯುರೇಟರ್ ಇರುವ ಕಾರಿನಲ್ಲಿ ಅದರ ತಳದ ಪ್ಲಗ್‌ಗಳು ಸೋರಿ ಪೆಟ್ರೋಲ್ ಇಳಿದುಹೋಗಿರುತ್ತದೆ.

ಪೆಟ್ರೋಲ್ ಇದೆ, ಹಾಗಾದರೆ ಕಿಡಿ. ಇನ್‌ಸುಲೇಟೆಡ್ ಪ್ಲೈಯರ್‌ನಲ್ಲಿ ವೈರ್ ಹಿಡಿದು ಸ್ಪಾರ್ಕ್ ಟೆಸ್ಟರ್ ಹಾಕಿ ನೋಡಿ. ಬರಿಗೈ ಬೇಡ, ಹತ್ತಿರದಲ್ಲಿ ಪೆಟ್ರೋಲ್ ಚೆಲ್ಲಿರಬಾರದು. ನೀಲಿ ಕಿಡಿ ಚಟಪಟ ಅನ್ನಬೇಕು. ಇಲ್ಲದಿದ್ದರೆ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆಯಿರಿ. ಪಾಯಿಂಟ್ (ಕಿಡಿಗಾಗಿ ತೆರೆದು ಮುಚ್ಚುವ ಸಣ್ಣ ಸ್ವಿಚ್) ಕಪ್ಪಗಾಗಿದೆಯಾ, ತೆರೆದು ಮುಚ್ಚುತ್ತಿದೆಯಾ? ಸಂದು ಸಾಮಾನ್ಯವಾಗಿ 0.016ರಿಂದ 0.019 ಇಂಚು, ನಿಖರ ಅಳತೆ ಮ್ಯಾನ್ಯುಯಲ್‌ನಲ್ಲಿದೆ. ಮುಚ್ಚಳದ ಒಳಗೆ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಅದು ಬಿರುಕು. ಕಿಡಿ ಅದರ ಮೂಲಕ ಓಡಿಹೋಗುತ್ತಿದೆ.

ಕೀ ತಿರುಗಿಸಿ ಹಿಡಿದಿರುವಷ್ಟು ಹೊತ್ತು ಎಂಜಿನ್ ಹತ್ತಿ, ಕೀ ಬಿಟ್ಟ ತಕ್ಷಣ ಸತ್ತರೆ? ಕ್ರೈಸ್ಲರ್ ಬಳಗದ (ಡಾಜ್, ಪ್ಲಿಮತ್) ಕಾರಾದರೆ ಹುಡುಕಾಟ ಬೇಡ. ಫೈರ್‌ವಾಲ್ (ಎಂಜಿನ್ ಮತ್ತು ಡ್ಯಾಶ್‌ಬೋರ್ಡ್ ನಡುವಿನ ತಗಡಿನ ಗೋಡೆ) ಮೇಲೆ ಬಿಳಿ ಪಿಂಗಾಣಿ ತುಂಡೊಂದು ಇರುತ್ತದೆ, ಬ್ಯಾಲಾಸ್ಟ್ ರೆಸಿಸ್ಟರ್. ಅದು ಸುಟ್ಟಿದೆ. ಸೆಲ್ಫ್ ಹೊಡೆಯುವಾಗ ಕರೆಂಟ್ ಅದನ್ನು ಬಿಟ್ಟು ಬೇರೆ ದಾರಿಯಲ್ಲಿ ಕಾಯಿಲ್‌ಗೆ ಹೋಗುತ್ತದೆ, ಕೀ ಬಿಟ್ಟ ಮೇಲೆ ಅದರ ಮೂಲಕವೇ ಹೋಗಬೇಕು. ಅಗ್ಗದ ಸಾಮಾನು, ಒಂದು ಸ್ಪೇರ್ ಕಾರಿನಲ್ಲೇ ಇಟ್ಟಿರಿ. ವೈರ್ ಕೊಟ್ಟು ಅದನ್ನು ದಾಟಿಸಿ ಓಡಿಸುತ್ತಾ ಹೋದರೆ ಪಾಯಿಂಟ್, ಕಾಯಿಲ್ ಎರಡೂ ಸುಡುತ್ತವೆ.

ಅದುರುತ್ತದೆ, ಮಿಸ್ಸಿಂಗ್ ಹೊಡೆಯುತ್ತದೆ, ಎಳೆಯುವುದಿಲ್ಲ

ಮೊದಲು ಪ್ಲಗ್ ವೈರ್‌ಗಳ ಕ್ರಮ, ಅಂದರೆ ಸಿಲಿಂಡರ್‌ಗಳು ಒಂದಾದ ಮೇಲೊಂದು ಉರಿಯುವ ಕ್ರಮ. ಷೆವ್ರೊಲೆಯ ಎರಡು ಬಗೆಯ ವಿ8, ಸ್ಮಾಲ್ ಬ್ಲಾಕ್ ಮತ್ತು ಬಿಗ್ ಬ್ಲಾಕ್, ಎರಡಕ್ಕೂ 1-8-4-3-6-5-7-2. ಫೋರ್ಡ್ 289 (ಘನ ಇಂಚಿನಲ್ಲಿ ಎಂಜಿನ್ ಗಾತ್ರ) ಮತ್ತು ಆ ಕಾಲದ 302ಕ್ಕೆ 1-5-4-2-6-3-7-8, ಆದರೆ 351ಕ್ಕೆ 1-3-7-2-6-5-4-8. ಸಿಲಿಂಡರ್ ಎಣಿಕೆಯೂ ಬೇರೆ (ಎಡ, ಬಲ ಅಂದರೆ ಕಾರಿನೊಳಗೆ ಕೂತವರಿಗೆ): ಷೆವ್ರೊಲೆಯಲ್ಲಿ ಎಡಸಾಲು 1-3-5-7, ಫೋರ್ಡಿನಲ್ಲಿ ಬಲಸಾಲು 1-2-3-4. ಒಂದು ಕಾರಿನ ಅಭ್ಯಾಸ ಇನ್ನೊಂದಕ್ಕೆ ನಡೆಯಲ್ಲ.

ಕ್ರಮ ಸರಿಯಿದ್ದೂ ಷೆವ್ರೊಲೆಯಲ್ಲಿ ಮಿಸ್ಸಿಂಗ್ ಇದ್ದರೆ 5 ಮತ್ತು 7ರ ವೈರ್ ನೋಡಿ. ಅವೆರಡು ಸಿಲಿಂಡರ್ ಅಕ್ಕಪಕ್ಕ ಇವೆ, ಒಂದರ ಹಿಂದೆ ಒಂದು ಉರಿಯುತ್ತವೆ. ವೈರ್‌ಗಳು ಒತ್ತೊತ್ತಾಗಿ ಸಾಗಿದ್ದರೆ ಒಂದರ ಕಿಡಿ ಇನ್ನೊಂದಕ್ಕೆ ಹಾರುತ್ತದೆ. ಬೇರೆ ಬೇರೆ ಮಾಡಿ. ಕತ್ತಲಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಿಸಿದರೆ ಸೋರುವ ಕಿಡಿ ಕಣ್ಣಿಗೇ ಕಾಣುತ್ತದೆ.

ಆಮೇಲೆ ವ್ಯಾಕ್ಯೂಮ್ ಗೇಜ್. ಐಡ್ಲಿಂಗ್‌ನಲ್ಲಿ 17ರಿಂದ 21 ಇಂಚಿನ ಮಧ್ಯೆ ಮುಳ್ಳು ಅಲ್ಲಾಡದೆ ನಿಂತರೆ ಎಂಜಿನ್ ಆರೋಗ್ಯ ಚೆನ್ನಾಗಿದೆ. ದೊಡ್ಡ ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್) ಹಾಕಿದ್ದರೆ ಕಡಿಮೆ ಬರುತ್ತದೆ, ಅದಕ್ಕೆ ಗಾಬರಿ ಬೇಡ. ಲಯಬದ್ಧವಾಗಿ ಒಂದೇ ಸಮ ಕೆಳಗೆ ಬಿದ್ದೇಳುತ್ತಿದ್ದರೆ ಒಂದು ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ.

ಟೈಮಿಂಗ್ ಲೈಟ್ ಹಿಡಿದಾಗ ಗುರುತು ಅಸಾಧ್ಯವಾದ ಜಾಗದಲ್ಲಿ ಕಂಡರೆ ಡಿಸ್ಟ್ರಿಬ್ಯೂಟರ್ ತಿರುಗಿಸಲು ಹೋಗಬೇಡಿ. ಆ ಗುರುತು ಇರುವುದು ಎಂಜಿನ್ ಮುಂದಿನ ಬ್ಯಾಲೆನ್ಸರ್ ಚಕ್ರದ ಮೇಲೆ, ಅದರ ಹೊರ ಉಂಗುರ ರಬ್ಬರ್ ಮೇಲೆ ಕೂತಿದೆ. 50 ವರ್ಷದ ರಬ್ಬರ್ ಸವೆದು ಉಂಗುರ ಜಾರಿದರೆ ಗುರುತೇ ಸುಳ್ಳು ಹೇಳುತ್ತದೆ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ, ಹತ್ತು ನಿಮಿಷ ಸಾಕು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಎಂಜಿನ್ ಕೈಯಲ್ಲಿ ಒಂದು ದಿಕ್ಕಿಗೆ ಸ್ವಲ್ಪ ತಿರುಗಿಸಿ ನಿಲ್ಲಿಸಿ. ಈಗ ಉಲ್ಟಾ ದಿಕ್ಕಿಗೆ ಮೆಲ್ಲಗೆ ತಿರುಗಿಸುತ್ತಾ ರೋಟರ್ ಯಾವಾಗ ಅಲುಗುತ್ತದೆ ನೋಡಿ. ಬ್ಯಾಲೆನ್ಸರ್ 8-10 ಡಿಗ್ರಿ ತಿರುಗಿದರೂ ರೋಟರ್ ಸುಮ್ಮನಿದ್ದರೆ ಟೈಮಿಂಗ್ ಚೈನ್ ಸಡಿಲ. ಆ ಕಾಲದ ಎಷ್ಟೋ ಎಂಜಿನ್‌ಗಳಲ್ಲಿ ಸದ್ದು ಕಡಿಮೆ ಮಾಡಲು ಕ್ಯಾಮ್ ಗೇರಿಗೆ ನೈಲಾನ್ ಹಲ್ಲು ಕೊಟ್ಟಿದ್ದರು. ಅವು ಗಟ್ಟಿಯಾಗಿ ಪುಡಿಯಾಗಿ ಆಯಿಲ್ ಪಂಪಿನ ಜಾಲರಿ ಮುಚ್ಚುತ್ತವೆ. ಚೈನ್ ಹಾರಿದರೆ ವಾಲ್ವ್‌ಗಳಿಗೂ ಪೆಟ್ಟು. ಸಡಿಲ ಕಂಡ ಕಾರನ್ನು ಸರಿ ಮಾಡುವವರೆಗೆ ಓಡಿಸಬೇಡಿ.

ಹೊಗೆ

ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ. ಚೋಕ್ ಮುಚ್ಚಿಕೊಂಡಿದೆಯಾ, ಫ್ಲೋಟ್ ಸಿಕ್ಕಿಕೊಂಡಿದೆಯಾ ನೋಡಿ. ಹಾಲಿ (Holley) ಕಂಪನಿಯ ಕಾರ್ಬ್ಯುರೇಟರ್ ಇದ್ದು, ಬ್ಯಾಕ್‌ಫೈರ್ ಆದ ಮೇಲೆ ಶುರುವಾಗಿದ್ದರೆ ಪವರ್ ವಾಲ್ವ್ ಒಡೆದಿರಬಹುದು.

ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಉಂಡೆ ಬಂದು ನಿಂತರೆ ವಾಲ್ವ್ ಸೀಲ್ ಸವೆದಿದೆ, ಆತುರವಿಲ್ಲ. ರೇಸ್ ಕೊಟ್ಟಾಗಲೆಲ್ಲ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಕಂಪ್ರೆಷನ್ ನೋಡಿ: ಎಲ್ಲಕ್ಕಿಂತ ಕಡಿಮೆ ಇರುವ ಸಿಲಿಂಡರ್, ಎಲ್ಲಕ್ಕಿಂತ ಜಾಸ್ತಿ ಇರುವುದರ 75 ಶೇಕಡಾ ಆದರೂ ಇರಬೇಕು. ಕಡಿಮೆ ಇರುವುದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್.

ಬಿಳಿ ಹೊಗೆ ಚಳಿಯಲ್ಲಿ ಸಹಜ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆ ಇದ್ದರೆ ಕೂಲೆಂಟ್ ಒಳಗೆ ಹೋಗುತ್ತಿದೆ. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣ ಇದ್ದರೆ ಎಂಜಿನ್ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಬೇಡಿ. ನೀರು ಬೆರೆತ ಆಯಿಲ್ ಬೇರಿಂಗ್ ತಿಂದುಬಿಡುತ್ತದೆ.

ಟೆಂಪರೇಚರ್ ಮುಳ್ಳು ಏರುತ್ತದೆ

ಯಾವಾಗ ಏರುತ್ತದೆ ಅನ್ನುವುದರಲ್ಲೇ ಉತ್ತರ ಇದೆ. ಟ್ರಾಫಿಕ್‌ನಲ್ಲಿ ನಿಂತಾಗ ಏರಿ, ಓಡುವಾಗ ಇಳಿದರೆ ಗಾಳಿ ಸಾಲುತ್ತಿಲ್ಲ: ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವಚ ಇದೆಯಾ, ಫ್ಯಾನ್ ಕ್ಲಚ್ ಕೆಲಸ ಮಾಡುತ್ತಿದೆಯಾ, ಬೆಲ್ಟ್ ಸಡಿಲವಾ? ವೇಗದಲ್ಲಿ ಏರಿದರೆ ನೀರಿನ ಓಟ ಕಡಿಮೆ: ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ, ಅಥವಾ ಕೆಳಗಿನ ಹೋಸ್ ಒಳಕ್ಕೆ ಸೊರಗಿ ಚಪ್ಪಟೆಯಾಗುತ್ತಿದೆ. ಆ ಹೋಸ್ ಒಳಗೆ ಸ್ಪ್ರಿಂಗ್ ಇರಬೇಕು.

ಬದಲಿಸುವುದಾದರೆ ಮೊದಲು ರೇಡಿಯೇಟರ್ ಕ್ಯಾಪ್, ಆಮೇಲೆ ಥರ್ಮೋಸ್ಟಾಟ್. 15 ಪಿಎಸ್‌ಐ ಹಿಡಿಯುವ ಕ್ಯಾಪ್ ಕುದಿಯುವ ಬಿಂದುವನ್ನು ಸುಮಾರು 25 ಡಿಗ್ರಿ ಸೆಲ್ಸಿಯಸ್ ಮೇಲೆ ಒಯ್ಯುತ್ತದೆ. ಥರ್ಮೋಸ್ಟಾಟ್ ತೆಗೆದೇ ಓಡಿಸಿ ಅನ್ನುವ ಸಲಹೆ ಕೇಳಬೇಡಿ, ಬಿಸಿ ನೀರಿನ ಪಾತ್ರೆಯಲ್ಲಿ ಹಾಕಿ ಬಾಯಿ ತೆರೆಯುತ್ತದಾ ನೋಡಿ.

ಎಂಜಿನ್ ಬಿಸಿ ಇರುವಾಗ ಕ್ಯಾಪ್ ತೆಗೆಯಬೇಡಿ. ಮುಖ, ಕೈ ಬೆಂದುಹೋಗುತ್ತದೆ. ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣ್ಣಗಾಗುವವರೆಗೆ ಕಾಯಿರಿ.

ಆಯಿಲ್ ಪ್ರೆಷರ್ ಬಿದ್ದಿದೆ, ಎಂಜಿನ್‌ನಲ್ಲಿ ಟಿಕ್ ಟಿಕ್

ಮೊದಲು ಆಯಿಲ್ ಮಟ್ಟ ನೋಡಿ. ಸರಿ ಇದ್ದರೆ ಡ್ಯಾಶ್‌ಬೋರ್ಡ್ ಗೇಜ್ ನಂಬಬೇಡಿ, ಮೆಕ್ಯಾನಿಕಲ್ ಗೇಜ್ ನೇರ ಬ್ಲಾಕಿಗೆ ಹಾಕಿ ನೋಡಿ. ಪ್ರತಿ 1,000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಇದ್ದರೆ ಎಂಜಿನ್ ಬದುಕಿದೆ.

ತಣ್ಣಗಿದ್ದಾಗ ಟಿಕ್ ಅಂದು ಬಿಸಿಯಾದ ಮೇಲೆ ನಿಂತರೆ ಅದು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸಂದಿನ ಸೋರಿಕೆ ಇರಬಹುದು. ಕಾರ್ಬ್ಯುರೇಟರಿನಿಂದ ಪಟ್ ಪಟ್ ಅಂತ ಗಾಳಿ ಉಗುಳುತ್ತಾ ಟಿಕ್ ಅಂದರೆ ಕ್ಯಾಮ್ ಸವೆದಿದೆ. ಈ ಎಂಜಿನ್‌ಗಳ ಫ್ಲಾಟ್ ಟ್ಯಾಪೆಟ್‌ಗೆ (ಕ್ಯಾಮ್ ಮೇಲೆ ಉಜ್ಜುತ್ತಾ ಕೂರುವ ಚಪ್ಪಟೆ ಬಿಲ್ಲೆ) ಸತು ಇರುವ ಆಯಿಲ್ ಬೇಕು, ಹೊಸ ಕಾರಿನ ಆಯಿಲ್‌ನಲ್ಲಿ ಅದು ಕಡಿಮೆ. ಟಿಕ್ ಅಲ್ಲ, ಕೆಳಗಿನಿಂದ ದಪ್ಪನೆಯ ಡುಗ್ ಡುಗ್ ಬಂದರೆ ಬೇರಿಂಗ್. ಅಲ್ಲಿಗೇ ಆಫ್ ಮಾಡಿ.

ಸ್ಟೀರಿಂಗ್ ಅಲ್ಲಾಡಿಸಿದರೂ ಚಕ್ರ ಅಲುಗುವುದಿಲ್ಲ

ಒಬ್ಬರು ಸ್ಟೀರಿಂಗ್ ಸ್ವಲ್ಪವೇ ಆಚೆ ಈಚೆ ಆಡಿಸಲಿ, ಇನ್ನೊಬ್ಬರು ಪಕ್ಕದಿಂದ ಟಾರ್ಚ್ ಬಿಟ್ಟು ನೋಡಲಿ. ಸ್ಟೀರಿಂಗ್ ಕಂಬ ಬಾಕ್ಸಿಗೆ ಸೇರುವಲ್ಲಿನ ರಬ್ಬರ್ ಜಾಯಿಂಟ್, ಐಡ್ಲರ್ ಆರ್ಮ್, ಟೈ ರಾಡ್ ತುದಿ, ಕೊನೆಗೆ ಬಾಕ್ಸ್. ಚಲನೆ ಎಲ್ಲಿ ಕಳೆದುಹೋಗುತ್ತದೋ ಅದೇ ಕೆಟ್ಟ ಜಾಗ. ಈ ಕಾರುಗಳ ಬಾಕ್ಸಿನಲ್ಲಿ ಸ್ವಲ್ಪ ಆಟ ಇದ್ದೇ ಇರುತ್ತದೆ. ಚಕ್ರವನ್ನು ಸಸ್ಪೆನ್ಷನ್‌ಗೆ ಹಿಡಿದಿರುವ ಬಾಲ್ ಜಾಯಿಂಟ್ ಸಡಿಲ ಕಂಡರೆ ಮಾತ್ರ ಓಡಿಸಬೇಡಿ, ಚಕ್ರವೇ ಮಡಚಿಕೊಳ್ಳುತ್ತದೆ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಯ ದಿನಾಂಕವನ್ನೂ ಓದಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರ್. ಟ್ರೆಡ್ ಎಷ್ಟೇ ದಪ್ಪ ಇದ್ದರೂ ಕಿತ್ತು ಹಾಕಿ.

ವೈರ್ ಸುಟ್ಟ ವಾಸನೆ, ಲೈಟ್ ಮಂಕು

ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟ್ ಇರಬೇಕು. ಕಡಿಮೆ ಇದ್ದರೆ ಬೆಲ್ಟ್, ವೈರ್, ರೆಗ್ಯುಲೇಟರ್, ಆಲ್ಟರ್ನೇಟರ್ ಈ ಕ್ರಮದಲ್ಲಿ. 15 ದಾಟಿದರೆ ರೆಗ್ಯುಲೇಟರ್ ಅಥವಾ ಅದರ ಅರ್ಥಿಂಗ್. ಹಾಗೇ ಬಿಟ್ಟರೆ ಬ್ಯಾಟರಿ ಕುದಿಯುತ್ತದೆ.

ಕ್ರೈಸ್ಲರ್ ಬಳಗದ ಕಾರುಗಳಲ್ಲಿ ಚಾರ್ಜಿಂಗ್ ಕರೆಂಟ್ ಪೂರ್ತಿ ಫೈರ್‌ವಾಲ್‌ನ ದೊಡ್ಡ ಕನೆಕ್ಟರ್ ದಾಟಿ ಡ್ಯಾಶ್‌ಬೋರ್ಡಿನ ಆಂಪ್ ಮೀಟರ್ ಮೂಲಕ ಹೋಗುತ್ತದೆ. ಬ್ಯಾಟರಿ ವೈರ್ ತೆಗೆದು ಆ ಕನೆಕ್ಟರ್ ಬಿಡಿಸಿ ನೋಡಿ. ಕಂದು ಬಣ್ಣಕ್ಕೆ ತಿರುಗಿದ, ಕರಗಿದ ಪ್ಲಾಸ್ಟಿಕ್ ಕಂಡರೆ ಅಲ್ಲಿ ಬಿಸಿಯಾಗುತ್ತಿದೆ. ಫ್ಯೂಸ್ ಪದೇ ಪದೇ ಹೋದರೆ ದೊಡ್ಡ ಫ್ಯೂಸ್ ಹಾಕಬೇಡಿ, ಫ್ಯೂಸ್ ಬದಲು ವೈರ್ ಉರಿಯುತ್ತದೆ. ನಾಲ್ಕು ಬಣ್ಣದ ವೈರ್ ಸೇರಿಸಿ ಟೇಪ್ ಸುತ್ತಿದ ಗಂಟುಗಳೇ ಎಲ್ಲೆಲ್ಲೂ ಕಂಡರೆ ಒಂದೊಂದನ್ನೇ ಹುಡುಕುತ್ತಾ ಕೂರಬೇಡಿ. ಆ ಮಾಡೆಲ್‌ಗೆ ಹೊಸ ವೈರಿಂಗ್ ಸೆಟ್ ತರಿಸಿ, ಆಟೋ ಎಲೆಕ್ಟ್ರೀಷಿಯನ್ ಕೈಯಲ್ಲಿ ಹಾಕಿಸಿ. ಅಲ್ಲಿಯವರೆಗೆ ಕಾರು ನಿಲ್ಲಿಸಿದಾಗಲೆಲ್ಲ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿಡಿ.